ಬಿಟ್ಟರೂ ಬಿಡದ ರೇಸು

ಡಿಸೆಂಬರಿನ ಒಂದು ಬೆಳಿಗ್ಗೆ, ಆರೂವರೆ ಗಂಟೆ. ಸಕಲೇಶಪುರದ ಆಚೆ ನಾನು ಆಗ ಇದ್ದ ಊರಿನಿಂದ ಡಾಂಬರು ರಸ್ತೆಗೆ ಇಳಿಯುವಲ್ಲಿ ಒಂದು ತಿರುವಿದೆ. ಒಂದು ಕಡೆ ಕಾಫಿ ತೋಟದ ಬೇಲಿ, ಇನ್ನೊಂದು ಕಡೆ ಆಳದ ಚರಂಡಿ. ದಿನಾ ಅಲ್ಲಿಗೆ ಬರುವಷ್ಟರಲ್ಲಿ ಬಲಗೈ ತಾನಾಗಿಯೇ ಸಡಿಲವಾಗುತ್ತಿತ್ತು, ಬೈಕಿನ ಸದ್ದು ತಗ್ಗುತ್ತಿತ್ತು. ಅವತ್ತು ಕೈ ಸಡಿಲವಾಯಿತು, ಸದ್ದು ತಗ್ಗಲಿಲ್ಲ. ಹಿಡಿಕೆಯನ್ನು ಪೂರ್ತಿ ಬಿಟ್ಟರೂ ಎಂಜಿನ್ನು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಗಾಬರಿಯಲ್ಲಿ ಕ್ಲಚ್ ಹಿಡಿದೆ. ಗಾಡಿಯ ಭಾರ ಕಳಚಿದ್ದೇ ತಡ, ಇನ್ನೂ ಜೋರಾಗಿ ಅರಚಿತು. ಕೀ ತಿರುಗಿಸಿದ ಮೇಲೆ ಸುಮ್ಮನಾಯಿತು. ಬೈಕು ನಿಂತಾಗ ಮುಂದಿನ ಚಕ್ರಕ್ಕೂ ಚರಂಡಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು.

ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ‘ರೇಸ್ ಕಚ್ಕೊಂಡಿದೆ’ ಅನ್ನುತ್ತಾರೆ. ಕಾಯಿಲೆಗಳ ಪೈಕಿ ಇದು ಸಣ್ಣದು, ಹೆಚ್ಚಿನ ಸಲ ಖರ್ಚೂ ಸಣ್ಣದೇ. ಆದರೆ ಸ್ಟಾರ್ಟ್ ಆಗದ ಬೈಕು ನಮ್ಮನ್ನು ಮನೆ ಬಾಗಿಲಲ್ಲಿ ಬಿಟ್ಟು ಕೂರುತ್ತದೆ ಅಷ್ಟೆ. ರೇಸ್ ಕಚ್ಚಿಕೊಂಡ ಬೈಕು ನಮ್ಮನ್ನು ಜೊತೆಗೇ ಕರೆದುಕೊಂಡು ಹೋಗುತ್ತದೆ.

ಅವತ್ತು ಮಧ್ಯಾಹ್ನ ಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಹಿಡಿಕೆಯನ್ನು ಎರಡು ಸಲ ತಿರುಗಿಸಿ ಬಿಟ್ಟ. ಎರಡು ಸಲವೂ ಅದು ಹಿಂದಕ್ಕೆ ಜಾರಿ ಕೂತಿತು. ‘ಎಲ್ಲಿ ಸಾರ್, ಚೆನ್ನಾಗೇ ಇದೆಯಲ್ಲ?’ ಅಂದ. ನಾನು ಚರಂಡಿಯ ಕಥೆ ಹೇಳಿದೆ. ಸಮಾಧಾನಕ್ಕೆ ಐಡಲಿಂಗ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿಕೊಟ್ಟ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ತಿರುವು, ಮತ್ತೆ ಅದೇ ಅರಚಾಟ. ಮಧ್ಯಾಹ್ನ ಮತ್ತೆ ಸಾಧುವಿನಂತೆ ನಿಂತಿತು. ವೈದ್ಯರ ಎದುರು ಕೂತ ಕೂಡಲೇ ಕೆಮ್ಮು ನಿಲ್ಲುತ್ತದಲ್ಲ, ಹಾಗೆ.

ಬೆಳಿಗ್ಗೆ ಮಾತ್ರ ಕಾಡುವ ಈ ಕಾಯಿಲೆಯ ಗುಟ್ಟು ಕೊನೆಗೆ ನಮ್ಮ ಬಚ್ಚಲುಮನೆಯಲ್ಲಿ ಸಿಕ್ಕಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಿಡಿಕೆ ತಿರುಗಿಸಿದಾಗ ಏನಾಗುತ್ತದೆ ಅನ್ನುವುದನ್ನು ನೋಡಿಬಿಡೋಣ.

ಕಾರ್ಬೊರೇಟರ್ ಇರುವ ನೂರು ಸಿಸಿ ಬೈಕುಗಳ ಏರ್ಪಾಡು ನೀರೆತ್ತುವ ಬಾವಿಯಷ್ಟೇ ಸರಳ. ಹಿಡಿಕೆಯ ಒಳಗಿರುವ ಪ್ಲಾಸ್ಟಿಕ್ ಕೊಳವೆಯೇ ರಾಟೆ. ಅದಕ್ಕೆ ಸಿಕ್ಕಿಸಿದ ಉಕ್ಕಿನ ತಂತಿಯೇ ಹಗ್ಗ. ಹಗ್ಗದ ತುದಿಗೆ ಬಿಂದಿಗೆಯ ಬದಲು ಕಾರ್ಬೊರೇಟರಿನ ಸ್ಲೈಡ್ ಇದೆ: ಹೆಬ್ಬೆರಳಿನ ಗಾತ್ರದ ಲೋಹದ ಉರುಳೆ, ಅದರ ಬುಡದಿಂದ ಇಳಿಬಿದ್ದ ಉದ್ದನೆಯ ಸೂಜಿ. ಹಿಡಿಕೆ ತಿರುಗಿಸಿದರೆ ಸ್ಲೈಡು ಮೇಲೇಳುತ್ತದೆ, ಗಾಳಿಯ ದಾರಿ ತೆರೆಯುತ್ತದೆ, ಸೂಜಿಯೂ ಮೇಲೆದ್ದು ಆ ಗಾಳಿಗೆ ತಕ್ಕಷ್ಟು ಪೆಟ್ರೋಲಿಗೆ ಜಾಗ ಬಿಡುತ್ತದೆ. ಹಿಡಿಕೆ ಬಿಟ್ಟರೆ ಸ್ಲೈಡು ಕೆಳಗಿಳಿದು ದಾರಿ ಮುಚ್ಚುತ್ತದೆ.

ಇಳಿಸುವವರು ಯಾರು? ತಂತಿ ಎಳೆಯಬಲ್ಲದೇ ಹೊರತು ತಳ್ಳಲಾರದು. ಸ್ಲೈಡಿನ ತಲೆಯ ಮೇಲೆ ಕೂತ ಒಂದೇ ಒಂದು ಸ್ಪ್ರಿಂಗು ಆ ಕೆಲಸವನ್ನೆಲ್ಲ ಮಾಡಬೇಕು. ಎರಡು ಬೆರಳಲ್ಲಿ ಒತ್ತಿದರೆ ಮುದುಡಿಕೊಳ್ಳುವ ಬಡ ಸ್ಪ್ರಿಂಗು ಅದು. ತೆರೆಯುವ ಕಡೆ ನಮ್ಮ ಇಡೀ ತೋಳಿನ ಬಲ, ಮುಚ್ಚುವ ಕಡೆ ಇದೊಂದೇ. ದಾರಿಯಲ್ಲಿ ಎಲ್ಲಿ ಏನು ತಡೆದರೂ ತೆರೆಯುವಾಗ ನಮಗೆ ಗೊತ್ತೇ ಆಗುವುದಿಲ್ಲ, ಕೈ ಸ್ವಲ್ಪ ಜಾಸ್ತಿ ಬಲ ಹಾಕಿ ಮುಗಿಸಿಬಿಡುತ್ತದೆ. ಮುಚ್ಚುವಾಗ ಸ್ಪ್ರಿಂಗು ಸೋಲುತ್ತದೆ. ಹಿಡಿಕೆ ಬಿಗಿ ಅನ್ನಿಸುವುದಕ್ಕೂ ಮೊದಲೇ ಅದು ವಾಪಸು ಬರಲು ತಡ ಮಾಡುತ್ತಿರುತ್ತದೆ. ಆ ತಡವನ್ನು ಗಮನಿಸಿದವರಿಗೆ ತಿಂಗಳುಗಟ್ಟಲೆ ಮೊದಲೇ ಎಚ್ಚರಿಕೆ ಸಿಕ್ಕಂತೆ.

ಮೊತ್ತಮೊದಲ ಮೋಟಾರು ಸೈಕಲ್ಲುಗಳಲ್ಲಿ ಈ ತಿರುಗುವ ಹಿಡಿಕೆ ಎಲ್ಲ ಕಡೆ ಇರಲಿಲ್ಲ. ಎಷ್ಟೋ ಗಾಡಿಗಳಲ್ಲಿ ಬೆರಳಿನಿಂದ ಸರಿಸುವ ಸನ್ನೆ ಇರುತ್ತಿತ್ತು, ಸರಿಸಿದಲ್ಲೇ ನಿಲ್ಲುತ್ತಿತ್ತು. ಸವಾರನೇ ನೆನಪಿಟ್ಟು ಇಳಿಸಬೇಕು. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಹಿಡಿಕೆ ನಮಗೀಗ ಉಸಿರಾಟದಷ್ಟು ಸಹಜವಾಗಿದೆ. ಅದಕ್ಕೇ ಅದು ಕೈಕೊಟ್ಟಾಗ ನಮ್ಮ ತಲೆ ಒಂದು ಕ್ಷಣ ಓಡುವುದೇ ಇಲ್ಲ.

ಪರೀಕ್ಷೆಗೆ ಬರೋಣ. ಎಂಜಿನ್ ಬಂದ್ ಮಾಡಿ, ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಹಿಡಿಕೆಯನ್ನು ಪೂರ್ತಿ ತಿರುಗಿಸಿ ಒಮ್ಮೆಲೇ ಕೈ ತೆಗೆಯಿರಿ. ಸ್ಲೈಡು ತಳಕ್ಕೆ ಬಡಿದು ‘ಟಕ್’ ಅನ್ನಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಇನ್ನೊಮ್ಮೆ, ಬಲಕ್ಕೆ ತಿರುಗಿಸಿ ಮತ್ತೊಮ್ಮೆ. ಮೂರೂ ಸಲ ಅದೇ ‘ಟಕ್’ ಕೇಳಬೇಕು. ಎಡಕ್ಕೆ ಹೊರಳಿಸಿದಾಗ ಮಾತ್ರ ಸದ್ದು ಸತ್ತರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಅದರ ದಾರಿ ತಪ್ಪಿದೆ ಎಂದರ್ಥ. ಎಂಜಿನ್ ಚಾಲೂ ಇರುವಾಗಲೂ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಬೇಕು. ಹಿಡಿಕೆ ಮುಟ್ಟದಿದ್ದರೂ ಸದ್ದು ಏರಿದರೆ ಅದೂ ಕೇಬಲ್ಲಿನದೇ ತಕರಾರು. ಹಿಡಿಕೆ ತಿರುಗಲು ಶುರುವಾದ ಮೇಲೆ ತಂತಿ ಬಿಗಿಯುವ ಮೊದಲು ಸ್ವಲ್ಪ ಸಡಿಲ ಇರಬೇಕು. ಹೆಚ್ಚಿನ ಸಣ್ಣ ಬೈಕುಗಳಲ್ಲಿ ಅದು 2ರಿಂದ 6 ಮಿಲಿಮೀಟರ್. ‘ಹಿಡಿದ ಕೂಡಲೇ ಏಳಬೇಕು’ ಎಂಬ ಹುಮ್ಮಸ್ಸಿನಲ್ಲಿ ಆ ಸಡಿಲವನ್ನೆಲ್ಲ ತೆಗೆಸಿಕೊಳ್ಳುವ ಹುಡುಗರಿದ್ದಾರೆ. ಅವರ ಬೈಕು ತಿರುವಿನಲ್ಲಿ ತಾನೇ ರೇಸ್ ಕೊಟ್ಟುಕೊಳ್ಳುತ್ತದೆ.

‘ಟಕ್’ ಕೇಳಲಿಲ್ಲ ಅನ್ನಿ. ಈಗ ತಡೆ ಇರುವುದು ಹಿಡಿಕೆಯಲ್ಲೋ, ಕೇಬಲ್ಲಿನಲ್ಲೋ, ಕಾರ್ಬೊರೇಟರಿನಲ್ಲೋ ಎಂಬುದನ್ನು ಪತ್ತೆ ಮಾಡಬೇಕು. ನಮ್ಮಲ್ಲಿ ಬಹಳ ಕಡೆ ಈ ಪತ್ತೆಯೇ ಆಗುವುದಿಲ್ಲ. ‘ಕೇಬಲ್ ಹೋಗಿದೆ ಸಾರ್, ಹೊಸದು ಹಾಕ್ಬಿಡ್ಲಾ?’ ಎಂಬ ಪ್ರಶ್ನೆಯಲ್ಲೇ ರೋಗವೂ ಮದ್ದೂ ಮುಗಿದುಹೋಗುತ್ತವೆ. ಪತ್ತೆ ಕಷ್ಟವೇನಲ್ಲ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನ ಮೇಲಿನ ಮುಚ್ಚಳ ಬಿಚ್ಚಿ, ಸ್ಲೈಡನ್ನು ಹೊರಗೆಳೆಯಿರಿ. ಸ್ಪ್ರಿಂಗನ್ನು ಮುಚ್ಚಳದ ಕಡೆಗೆ ಒತ್ತಿ ಹಿಡಿದು ತಂತಿಯ ತುದಿಯ ಗುಂಡನ್ನು ಸ್ಲೈಡಿನ ಕಚ್ಚಿನಿಂದ ಜಾರಿಸಿದರೆ ಎರಡೂ ಬೇರೆಯಾಗುತ್ತವೆ. ಈಗ ತಂತಿಯ ತುದಿ ಹಿಡಿದು ಕೆಳಗಿನಿಂದ ಎಳೆಯಿರಿ, ಮೇಲಿನಿಂದ ಹಿಡಿಕೆ ತಿರುಗಿಸಿ. ಬಿಗಿ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಇಲ್ಲಿ ಸಲೀಸಾಗಿದ್ದರೆ ತಪ್ಪು ಸ್ಲೈಡಿನದು.

ಹಿಡಿಕೆಯ ಕಾಯಿಲೆಗಳನ್ನು ಬಹುಪಾಲು ನಾವೇ ತಂದುಕೊಂಡಿರುತ್ತೇವೆ. ಬೈಕು ಬಲಕ್ಕೆ ಬಿದ್ದಾಗ ಹ್ಯಾಂಡಲಿನ ತುದಿ ನೆಗ್ಗಿ ಗ್ರಿಪ್ಪಿಗೆ ಉಜ್ಜುತ್ತಿರುತ್ತದೆ. ಹೊಸ ರಬ್ಬರ್ ಗ್ರಿಪ್ ಹಾಕುವಾಗ ಅತಿಯಾಗಿ ಒಳಕ್ಕೆ ತಳ್ಳಿದರೆ ಅದರ ಅಂಚು ಸ್ವಿಚ್ಚಿನ ಡಬ್ಬಿಗೆ ತಾಗಿ ಅಲ್ಲೇ ನಿಂತುಬಿಡುತ್ತದೆ. ಎರಡು ಮಿಲಿಮೀಟರ್ ಹೊರಗೆಳೆದರೆ ರೋಗ ಮಾಯ. ಕೈಗೆ ಮೆತ್ತಗಿರಲಿ ಅಂತ ಹಾಕಿಸುವ ಸ್ಪಂಜಿನ ಕವರು, ಬಲಗಡೆಯ ಕನ್ನಡಿಗೆ ನೇತುಹಾಕುವ ತರಕಾರಿ ಚೀಲ, ಮೊಬೈಲ್ ಸ್ಟ್ಯಾಂಡು, ಹೆಚ್ಚುವರಿ ಲೈಟಿನ ವಯರನ್ನು ಕೇಬಲ್ಲಿನ ಜೊತೆ ಸೇರಿಸಿ ಬಿಗಿದ ಪ್ಲಾಸ್ಟಿಕ್ ಟೈ, ಇವಿಷ್ಟರಲ್ಲಿ ಒಂದಾದರೂ ಅಪರಾಧಿ ಆಗಿರುತ್ತದೆ. ಸಂತೆ ಮುಗಿಸಿ ಬರುತ್ತಿದ್ದವರೊಬ್ಬರ ಚೀಲದ ಹಿಡಿ ಗ್ರಿಪ್ಪಿಗೆ ಸುತ್ತಿಕೊಂಡು ಬೈಕು ನೇರ ಟೀ ಅಂಗಡಿಯ ಬೆಂಚಿನವರೆಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಬೆಂಚಿನ ಮೇಲಿದ್ದವರು ಎದ್ದು ಜಾಗ ಕೊಟ್ಟರು. ಇವೇನೂ ಇಲ್ಲದಿದ್ದರೆ ಹಿಡಿಕೆಯ ಡಬ್ಬಿಯ ಎರಡು ಸ್ಕ್ರೂ ಬಿಚ್ಚಿ ನೋಡಬೇಕು. ಒಳಗಿನ ಹಳೇ ಗ್ರೀಸು ನಮ್ಮ ಕೆಮ್ಮಣ್ಣಿನ ಧೂಳು ಸೇರಿ ಕಂದು ಹಿಟ್ಟಾಗಿರುತ್ತದೆ. ಒರೆಸಿ ತೆಗೆದು, ಉಗುರಿನಲ್ಲಿ ಹಿಡಿಯುವಷ್ಟು ಹೊಸ ಗ್ರೀಸು ಸವರಿದರೆ ಸಾಕು.

ಕೇಬಲ್ಲಿನದು ದೊಡ್ಡ ಅಧ್ಯಾಯ. ಹೊರಗಿನದಕ್ಕೆ ಔಟರ್ ಅನ್ನುತ್ತಾರೆ, ಸುರುಳಿ ಸುತ್ತಿದ ಉಕ್ಕು, ಅದರ ಮೇಲೆ ಪ್ಲಾಸ್ಟಿಕ್ಕು. ಒಳಗಿನ ಇನ್ನರ್ ಅಂದರೆ ಕೂದಲೆಳೆಯಂಥ ಹಲವು ತಂತಿಗಳ ಹುರಿ. ಹಿಡಿಕೆಯ ಹತ್ತಿರ ಅದು ಬಾಗುವ ಜಾಗದಲ್ಲಿ ದಿನಕ್ಕೆ ನೂರಾರು ಸಲ ಬಗ್ಗಿ ನೆಟ್ಟಗಾಗಿ, ಒಂದು ದಿನ ಒಂದು ಎಳೆ ತುಂಡಾಗುತ್ತದೆ. ತುಂಡಾದ ಎಳೆ ಗಾಳದ ಮುಳ್ಳಿನ ಹಾಗೆ ಒಂದು ದಿಕ್ಕಿಗೆ ಒರಗಿಕೊಂಡಿರುತ್ತದೆ. ಎಳೆದಾಗ ಜಾರುತ್ತದೆ, ಬಿಟ್ಟಾಗ ಔಟರಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಾಣದಿದ್ದರೆ ಒಂದು ಚೂರು ಹತ್ತಿಯನ್ನು ತಂತಿಯ ಉದ್ದಕ್ಕೂ ಸವರಿ; ಮುರಿದ ಎಳೆ ಇರುವಲ್ಲಿ ಹತ್ತಿಯ ನೂಲು ಸಿಕ್ಕಿ ನಿಲ್ಲುತ್ತದೆ. ಹಾಗೇನಾದರೂ ಸಿಕ್ಕಿದರೆ ಕತ್ತರಿಸಿ, ಬೆಸೆದು ನೋಡುವ ಚೌಕಾಸಿಗೆ ಇಳಿಯಬೇಡಿ. ಒಂದೆರಡು ನೂರು ರೂಪಾಯಿಯ ವಸ್ತು, ಬದಲಿಸಿ.

ಎಳೆ ಮುರಿಯದೆ ಬರೀ ಬಿಗಿಯಾಗಿದ್ದರೆ ಕಾರಣ ಸಾಮಾನ್ಯವಾಗಿ ನೀರು. ವಾಟರ್ ಸರ್ವೀಸ್ ಮಾಡಿಸಿದ ನಾಲ್ಕು ದಿನಕ್ಕೆ ರೇಸ್ ಬಿಗಿಯಾಯಿತು ಎಂಬ ದೂರು ಎಷ್ಟು ಸಲ ಕೇಳಿದ್ದೇನೋ. ಪಂಪಿನ ರಭಸಕ್ಕೆ ಹಿಡಿಕೆಯ ಸಂದಿನಿಂದ ನೀರು ಔಟರಿನೊಳಗೆ ಇಳಿಯುತ್ತದೆ, ಕೆಳಗಿನ ಬಾಗಿನಲ್ಲಿ ನಿಲ್ಲುತ್ತದೆ, ತುಕ್ಕಾಗುತ್ತದೆ. ತೊಳೆಸುವವರು ಹ್ಯಾಂಡಲಿಗೆ ಒಂದು ಪ್ಲಾಸ್ಟಿಕ್ ಕವರು ಕಟ್ಟಿಕೊಟ್ಟರೆ ಸಾಕಿತ್ತು.

ಇದಕ್ಕೆ ಔಷಧಿ ಬಿಡುವ ಹಳೇ ವಿಧಾನವೊಂದಿದೆ, ನನಗೆ ಅದರಲ್ಲಿ ಒಂದು ಬಗೆಯ ಸುಖ. ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಿಕೊಳ್ಳಬೇಕು. ಕೆಳತುದಿಯನ್ನು ಕಾರ್ಬೊರೇಟರಿನಲ್ಲೇ ಬಿಟ್ಟರೆ ತೊಳೆದ ಕೊಳೆಯೆಲ್ಲ ಅದರ ಹೊಟ್ಟೆಗೆ ಇಳಿಯುತ್ತದೆ. ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆಯನ್ನು ಚೂರೇ ಕತ್ತರಿಸಿ, ಔಟರಿನ ಮೇಲ್ತುದಿಗೆ ತೊಡಿಸಿ, ಇನ್ಸುಲೇಷನ್ ಟೇಪು ಸುತ್ತಿದರೆ ಆಲಿಕೆ ಸಿದ್ಧ. ಮೊದಲು ಸ್ವಲ್ಪ ಡೀಸೆಲ್ ಬಿಟ್ಟು ತಂತಿಯನ್ನು ಹಿಂದೆ ಮುಂದೆ ಆಡಿಸಿ. ಕೆಳಗೆ ಹಾಸಿದ ಹಳೇ ಪೇಪರಿನ ಮೇಲೆ ಕಾಫಿ ಗಸಿಯಂಥದ್ದು ತೊಟ್ಟಿಕ್ಕುತ್ತದೆ. ತೊಟ್ಟು ತಿಳಿಯಾದ ಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು, ಕಿಟಕಿಯ ಸರಳಿಗೆ ನೇತುಹಾಕಿ ಮಲಗಿಬಿಡುವುದು. ಬೆಳಿಗ್ಗೆ ಕೆಳತುದಿಯಲ್ಲಿ ಒಂದು ಹೊಳೆಯುವ ಹನಿ ಇದ್ದರೆ ಕೆಲಸ ಆಯಿತು. ಒಳಗೆ ನೈಲಾನ್ ಕೊಳವೆ ಇರುವ ಈಚಿನ ಕೇಬಲ್ಲುಗಳಿಗೆ ಇಷ್ಟೆಲ್ಲ ಉಪಚಾರ ಬೇಕಾಗುವುದು ಕಡಿಮೆ. ಮಂದ ಗ್ರೀಸನ್ನಂತೂ ಯಾವುದಕ್ಕೂ ತುಂಬಬಾರದು, ಧೂಳು ಹಿಡಿದಿಟ್ಟುಕೊಳ್ಳುತ್ತದೆ.

ಈಗ ಬಚ್ಚಲುಮನೆಯ ವಿಷಯ. ಮೂರನೆಯ ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳೋಣ ಅಂತ ಕಿಟಕಿಯ ಮೇಲಿದ್ದ ಕೊಬ್ಬರಿ ಎಣ್ಣೆಯ ಬಾಟಲು ತೆಗೆದು ಬೋರಲು ಹಾಕಿದೆ. ಒಂದು ತೊಟ್ಟೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಗಟ್ಟಿಯಾಗಿ, ಮೇಣದ ಹಾಗೆ ಕೂತಿತ್ತು. ನನ್ನ ಕೈ ಅಲ್ಲೇ ನಿಂತಿತು. ದೀಪಾವಳಿಯ ಹೊತ್ತಿಗೆ, ಮನೆಯಲ್ಲಿ ಬೇರೆ ಎಣ್ಣೆ ಸಿಗಲಿಲ್ಲವೆಂದು, ಇದೇ ಬಾಟಲಿನ ಎಣ್ಣೆಯನ್ನು ನಾನೇ ಕೇಬಲ್ಲಿಗೆ ಬಿಟ್ಟಿದ್ದೆ. ಬಿಟ್ಟ ದಿನ ಹಿಡಿಕೆ ಬೆಣ್ಣೆಯಂತೆ ಓಡಿತ್ತು, ನಾನು ಹೆಮ್ಮೆ ಪಟ್ಟಿದ್ದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಡಿಸೆಂಬರ್ ಬೆಳಗಿಗೆ ಅದು ಏನೂ ಅಲ್ಲ. ರಾತ್ರಿಯಿಡೀ ಹೊರಗೆ ನಿಂತ ಬೈಕಿನ ಕೇಬಲ್ಲಿನಲ್ಲಿ ಎಣ್ಣೆ ಮೇಣವಾಗುತ್ತಿತ್ತು. ನನ್ನ ತೋಳು ಎಳೆಯುತ್ತಿತ್ತು, ಸ್ಪ್ರಿಂಗು ಎಳೆಯಲಾರದೆ ಒದ್ದಾಡುತ್ತಿತ್ತು. ಹತ್ತು ಗಂಟೆಯ ಬಿಸಿಲಿಗೆ ಕರಗಿ ಮತ್ತೆ ನೀರು. ಮಧ್ಯಾಹ್ನ ನೋಡಿದ ಮೆಕ್ಯಾನಿಕ್‌ಗೆ ಕಾಣುವುದಾದರೂ ಹೇಗೆ? ಕರಾವಳಿಯಲ್ಲಿ ಇದ್ದಿದ್ದರೆ ಈ ತಪ್ಪು ಹೊರಬೀಳದೆ ವರ್ಷಗಟ್ಟಲೆ ನಡೆದುಹೋಗುತ್ತಿತ್ತೋ ಏನೋ. ಅಡುಗೆ ಎಣ್ಣೆಗಳೂ ಬೇಡ. ಅವು ಹೆಪ್ಪುಗಟ್ಟದಿದ್ದರೂ ದಿನ ಕಳೆದಂತೆ ಅಂಟಾಗುತ್ತವೆ. ಕರಿದ ಬಾಣಲೆಯ ಅಂಚನ್ನು ತಿಕ್ಕಿ ತೊಳೆದವರಿಗೆ ಅದು ಗೊತ್ತು.

ಇನ್ನು ಸ್ಲೈಡು. ಕಾರ್ಬೊರೇಟರಿನ ಗೂಡಿಗೂ ಸ್ಲೈಡಿಗೂ ನಡುವೆ ಇರುವ ಸಂದು ಅತಿ ಸಣ್ಣದು. ಏರ್ ಫಿಲ್ಟರ್ ಹರಿದಿದ್ದರೆ, ಇಲ್ಲವೇ ‘ಪಿಕಪ್ ಜಾಸ್ತಿ ಸಿಗುತ್ತೆ’ ಅಂತ ಕಿತ್ತು ಹಾಕಿದ್ದರೆ, ಧೂಳು ಆ ಸಂದಿಗೆ ಹೊಕ್ಕು ಗೀರುತ್ತದೆ. ಸ್ಲೈಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ: ಹೊಸದು ಒಂದೇ ಸಮ ಹೊಳೆಯುತ್ತದೆ, ಸವೆದದ್ದರ ಮೇಲೆ ಉದ್ದುದ್ದ ಗೀರು ಕಾಣುತ್ತವೆ, ಅದೂ ಎಂಜಿನ್ನಿನ ಕಡೆಯ ಮೈಯಲ್ಲಿ ಹೆಚ್ಚು. ಎಂಜಿನ್ನು ಗಾಳಿ ಹೀರುವಾಗ ಸ್ಲೈಡನ್ನೂ ತನ್ನ ಕಡೆಗೆ ಎಳೆದು ಗೋಡೆಗೆ ಒತ್ತುತ್ತದೆ, ಅದಕ್ಕೆ. ನಿಲ್ಲಿಸಿದಾಗ ‘ಟಕ್’ ಅನ್ನುವ ಸ್ಲೈಡು ಎಂಜಿನ್ ಓಡುವಾಗ ಮಾತ್ರ ಕಚ್ಚಿಕೊಳ್ಳುವುದೂ ಇದೇ ಕಾರಣದಿಂದ. ಕಾರ್ಬೊರೇಟರನ್ನು ಎಂಜಿನ್ನಿಗೆ ಕೂರಿಸುವ ಎರಡು ನಟ್ಟುಗಳನ್ನು ಜಿದ್ದಿಗೆ ಬಿದ್ದವರಂತೆ ಬಿಗಿದರೂ ಮೆದು ಲೋಹದ ಗೂಡು ಸೊಟ್ಟಗಾಗಿ ಸ್ಲೈಡನ್ನು ಹಿಡಿದುಕೊಳ್ಳುತ್ತದೆ. ನಟ್ಟು ಸ್ವಲ್ಪ ಸಡಿಲಿಸಿದಾಗ ಸ್ಲೈಡು ಸಲೀಸಾದರೆ ಇನ್ನೇನೂ ಹುಡುಕಬೇಕಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ, ಹಲಸಿನ ಮೇಣದಂತೆ ಅಂಟು ಉಳಿಯುತ್ತದೆ. 2020ರ ಲಾಕ್‌ಡೌನ್ ಸಡಿಲವಾದಾಗ ನಮ್ಮ ಬೀದಿಯಲ್ಲೇ ಅಂಥ ಎರಡು ಗಾಡಿ ತಳ್ಳಿಕೊಂಡು ಹೋದರು. ಕಾರ್ಬ್ ಕ್ಲೀನರ್ ಸಿಂಪಡಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಅದು ಬಿಡುತ್ತದೆ. ಎಮರಿ ಪೇಪರು ಹಿಡಿದು ಉಜ್ಜಲು ಹೊರಟರೆ ಮಾತ್ರ ಹೊಸ ಕಾರ್ಬೊರೇಟರಿಗೆ ದುಡ್ಡು ತೆಗೆದಿಟ್ಟುಕೊಳ್ಳಿ.

ಮತ್ತೆ ಜೋಡಿಸುವಾಗ ಒಂದು ಗಂಡಾಂತರವಿದೆ. ಸ್ಲೈಡಿನ ಒಂದು ಬದಿಗೆ ಉದ್ದನೆಯ ಸೀಳು ಇದೆ. ಗೂಡಿನೊಳಗೆ ಅದಕ್ಕೆಂದೇ ಒಂದು ಪುಟ್ಟ ಮೊಳೆ ಇದೆ. ಸೀಳು ಮೊಳೆಗೆ ಕೂರಬೇಕು, ಬುಡದಲ್ಲಿ ಓರೆಯಾಗಿ ಕತ್ತರಿಸಿದ ಭಾಗ ಏರ್ ಫಿಲ್ಟರಿನ ಕಡೆಗೆ ಬರಬೇಕು. ಹೆಚ್ಚುಕಡಿಮೆ ತಿರುಗಿದರೆ ಸ್ಲೈಡು ಮೊಳೆಯ ಮೇಲೆ ಕೂತು ಅರ್ಧದಲ್ಲೇ ನಿಲ್ಲುತ್ತದೆ. ಮುಚ್ಚಳವನ್ನು ಒತ್ತಿ ತಿರುಗಿಸಿದರೆ ಅದೂ ಕೂತುಬಿಡುತ್ತದೆ, ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಮೊದಲ ಕಿಕ್ಕಿಗೇ ಪೂರ್ತಿ ರೇಸು. ರೋಗ ವಾಸಿ ಮಾಡಲು ಹೋಗಿ ಅದನ್ನೇ ಕೈಯಾರೆ ಕೂರಿಸಿದ ಹಾಗೆ. ಅದಕ್ಕೇ ಮುಚ್ಚಳ ಹಾಕಿದ ಮೇಲೆ, ಕಿಕ್ಕರಿಗೆ ಕಾಲಿಡುವ ಮೊದಲು, ಮತ್ತೆ ಮೂರು ಸಲ ‘ಟಕ್’ ಕೇಳಿಸಿಕೊಳ್ಳಬೇಕು.

ನನಗೆ ಸಿಟ್ಟು ಬರಿಸುವ ಒಂದು ಉಪಾಯವನ್ನು ಹೇಳಲೇಬೇಕು. ಸ್ಪ್ರಿಂಗನ್ನು ಹೊರತೆಗೆದು ಎರಡು ಕೈಯಲ್ಲಿ ಹಿಡಿದು ಎಳೆದು ಉದ್ದ ಮಾಡಿ ಹಾಕುವುದು. ಒಂದು ನಿಮಿಷದ ಕೆಲಸ, ಹಿಡಿಕೆ ಫಟಾರನೆ ವಾಪಸು ಬರುತ್ತದೆ, ಗಿರಾಕಿ ಖುಷಿ. ತಡೆ ಇದ್ದಲ್ಲೇ ಇದೆ. ಮುರಿದ ಎಳೆ ಇನ್ನೂ ಮುರಿಯುತ್ತಿದೆ, ಗೀರು ಇನ್ನೂ ಆಳವಾಗುತ್ತಿದೆ. ಎಳೆದ ಸ್ಪ್ರಿಂಗು ಕೆಲವು ವಾರದಲ್ಲಿ ಸುಸ್ತಾದಾಗ ಕಾಯಿಲೆ ಮೊದಲಿಗಿಂತ ಜೋರಾಗಿ ಬರುತ್ತದೆ. ಐಡಲಿಂಗ್ ಸ್ಕ್ರೂ ಸಡಿಲಿಸಿ ಕೊಡುವುದೂ ಇದೇ ಜಾತಿಯದು. ಅದು ಸ್ಲೈಡು ಎಲ್ಲಿ ಕೂರಬೇಕು ಎಂದು ಹೇಳುವ ಮಣೆ ಮಾತ್ರ. ಕೂರಲೇ ಬಾರದವನಿಗೆ ಮಣೆ ಸರಿಸಿ ಏನು ಉಪಯೋಗ?

ಕೆಲವೊಮ್ಮೆ ಹಿಡಿಕೆ, ಕೇಬಲ್ಲು, ಸ್ಲೈಡು ಮೂರೂ ನಿರಪರಾಧಿಗಳು. ಆದರೂ ಸದ್ದು ಇಳಿಯುವುದಿಲ್ಲ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಸೀಳಿ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರನ್ನು ಮೆಲ್ಲಗೆ ಅಲುಗಿಸಿದರೆ ಸದ್ದು ಏರಿಳಿಯುತ್ತದೆ, ಅದೇ ಗುರುತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಕಣ್ಮರೆಯಾಗಿ ಇಂಜೆಕ್ಷನ್ ಬಂದಿದೆ. ಸ್ಲೈಡಿನ ಬದಲು ಅಲ್ಲಿ ನಾಣ್ಯದಂಥ ಒಂದು ತಟ್ಟೆ ಅಕ್ಷದ ಮೇಲೆ ತಿರುಗುತ್ತದೆ, ಅದರ ಅಂಚಿಗೆ ಕಪ್ಪು ಅಂಟು ಕೂರುತ್ತದೆ. ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಬಹುದು. ಅದರ ಪಕ್ಕದ ಸೆನ್ಸರಿನ ತಂಟೆಗೆ ನಾವು ನೀವು ಹೋಗುವುದು ಬೇಡ. ಆದರೆ ಹೆಚ್ಚಿನ ಸಣ್ಣ ಬೈಕುಗಳಲ್ಲಿ ಹಿಡಿಕೆಯಿಂದ ಆ ತಟ್ಟೆಯವರೆಗೆ ಈಗಲೂ ಇರುವುದು ಅದೇ ಉಕ್ಕಿನ ಹುರಿ, ಅದೇ ಔಟರ್. ತರಕಾರಿ ಚೀಲವೂ ಬದಲಾಗಿಲ್ಲ.

ರಸ್ತೆಯ ಮೇಲೆ ಹೀಗಾದರೆ? ಹಿಡಿಕೆಯನ್ನು ಒಮ್ಮೆ ಬಲವಾಗಿ ಮುಂದಕ್ಕೆ ತಳ್ಳಿ ತಿರುಗಿಸಿ. ಎಷ್ಟೋ ಸಲ ಬಿಡುತ್ತದೆ. ಬಿಡದಿದ್ದರೆ ಕ್ಲಚ್ ಹಿಡಿದು ಬ್ರೇಕ್ ಹಾಕುತ್ತ ಕೀ ಆಫ್ ಮಾಡಿ. ಎಂಜಿನ್ ಅರಚಲಿ, ಅದಕ್ಕೆ ಹೆದರಿ ಕ್ಲಚ್ ಬಿಡಬೇಡಿ. ಕ್ಲಚ್ ಹಿಡಿಯೇ ಇಲ್ಲದ ಮೊಪೆಡ್ಡಿನವರು ನೇರ ಕೀಗೋ ಕಿಲ್ ಸ್ವಿಚ್ಚಿಗೋ ಹೋಗಬೇಕು. ಕೀ ಎಲ್ಲಿದೆ ಅಂತ ಕಣ್ಣು ಹುಡುಕುವಂತಿರಬಾರದು. ಮನೆಯ ಮುಂದೆ ನಿಂತಾಗ ಕಣ್ಣು ಮುಚ್ಚಿ ನಾಲ್ಕು ಸಲ ಕೈಯನ್ನು ಅಲ್ಲಿಗೆ ಒಯ್ದು ರೂಢಿ ಮಾಡಿಕೊಳ್ಳಿ. ನೋಡಿದವರು ನಕ್ಕರೆ ನಗಲಿ.

ಕೊಬ್ಬರಿ ಎಣ್ಣೆಯ ಕೇಬಲ್ಲನ್ನು ತೊಳೆದು ಉಳಿಸಿಕೊಳ್ಳಬಹುದಿತ್ತು. ಮೂರು ಬೆಳಿಗ್ಗೆ ಹೆದರಿಸಿದ್ದಕ್ಕೆ ನನಗೆ ಅದರ ಮೇಲೆ ಮನಸ್ಸು ಉಳಿದಿರಲಿಲ್ಲ, ಹೊಸದೇ ಹಾಕಿಸಿದೆ. ಮೆಕ್ಯಾನಿಕ್ ಹಳೆಯದರ ತುದಿಯನ್ನು ಮೂಗಿಗೆ ಹಿಡಿದು, ‘ಏನ್ ಸಾರ್, ಬೈಕಿಗೂ ತಲೆಸ್ನಾನ ಮಾಡಿಸ್ತೀರಾ?’ ಅಂತ ಕೇಳಿದ. ಅದನ್ನು ಸುತ್ತಿ ಮನೆಗೆ ತಂದು, ಮುಂದೆ ಅವರೆ ಚಪ್ಪರಕ್ಕೆ ಆದೀತು ಅಂತ ಸೌದೆ ಕೊಟ್ಟಿಗೆಯ ಮೊಳೆಗೆ ನೇತುಹಾಕಿದೆ. ಮಾರನೆಯ ದಿನ ನೋಡಿದರೆ ಗೋಡೆಯ ಬಿರುಕಿನಿಂದ ಹೊರಟ ಇರುವೆಗಳ ಸಾಲೊಂದು ಔಟರಿನ ಒಂದು ತುದಿಯಲ್ಲಿ ಒಳಗೆ ಹೋಗಿ ಇನ್ನೊಂದು ತುದಿಯಲ್ಲಿ ಹೊರಗೆ ಬರುತ್ತಿತ್ತು, ಎಲ್ಲಿಯೂ ಕಚ್ಚಿಕೊಳ್ಳದೆ.